ತಬಾವಾ ಇಟ್ಟ ಅಮಾನ

ಹೋದ ಶುಕ್ರವಾರ ತಬಾವಾಳನ್ನು ಮಣ್ಣಿಗಿಟ್ಟರು. ಸಾವಿನ ಮನೆಯಲ್ಲಿ ಚಾಪೆ ಹಾಸಿಕೊಂಡು ಕೂತ ಹೆಂಗಸರು ಮೊದಲು ಅವಳು ಕರಿಯುತ್ತಿದ್ದ ಕುಲಿಕುಲಿಯನ್ನು ಹೊಗಳಿದರು. ಶೇಂಗಾ ಹಿಂಡಿಯನ್ನು ಬಳೆಯಂತೆ ಸುತ್ತಿ ಅಷ್ಟು ಗರಿಗರಿಯಾಗಿ ಕರಿಯುವ ಕೈ ಇನ್ನು ಈ ಕೇರಿಯಲ್ಲಿ ಇಲ್ಲ ಎಂದರು. ಆಮೇಲೆ ಒಬ್ಬಳು ದನಿ ತಗ್ಗಿಸಿ, "ಆದ್ರೂ ಅವತ್ತು ಅಷ್ಟು ಜನರೆದುರು ಚೊಚ್ಚಿಲ ಮಗಳ ಹೆಸರು ಬಾಯಿಬಿಟ್ಟು ಹೇಳ್ಬಿಟ್ಲಲ್ಲ, ಅಷ್ಟು ನಾಚಿಕೆ ಬಿಡಬಾರದಿತ್ತು" ಅಂದಳು. ಉಳಿದವರು ಹೂಂ ಹೂಂ ಎಂದು ತಲೆಯಾಡಿಸಿದರು.

ನನಗೆ ಮೈಯೆಲ್ಲ ಉರಿಯಿತು. ಎಪ್ಪತ್ತರ ಹತ್ತಿರ ಬಾಳಿದ ಹೆಣ್ಣು, ಆರು ಮಕ್ಕಳನ್ನು ಹೆತ್ತವಳು, ಯಾರ ಒಂದು ಎಳೆ ದಾರವನ್ನೂ ಮುಟ್ಟದವಳು. ಅವಳ ಹೆಸರಿಗೆ ಉಳಿದದ್ದು ಇದು. ಹೀಗೆ ಹೇಳಿದವಳಿಗೆ ಆ ದಿನ ಹತ್ತು ವರ್ಷ ಕೂಡ ಆಗಿರಲಿಲ್ಲ, ಅಮ್ಮ ಹೇಳಿದ್ದನ್ನು ಗಿಳಿಯ ಹಾಗೆ ಒಪ್ಪಿಸುತ್ತಿದ್ದಾಳೆ. ನಾನು ಅಲ್ಲಿದ್ದೆ. ನನ್ನ ಹೆಸರು ದೇಲು, ಇದೇ ಕೇರಿಗೆ ಮದುವೆಯಾಗಿ ಬಂದವಳು. ತಬಾವಾಳ ಕತೆ ಹೇಳುವ ಯೋಗ್ಯತೆ ನನಗಿಲ್ಲ. ಆದರೆ ಪೂರ್ತಿ ಗೊತ್ತಿರುವವಳು ಈಗ ನಾನೊಬ್ಬಳೇ ಉಳಿದಿದ್ದೇನೆ.

ನಮ್ಮಲ್ಲಿ ಒಂದು ವಸ್ತುವನ್ನು ಇನ್ನೊಬ್ಬರ ಕೈಯಲ್ಲಿ ಇಟ್ಟು ಬಂದರೆ ಅದನ್ನು ಅಮಾನ ಎನ್ನುತ್ತೇವೆ. ಕೊಡುವವಳು ಆ ಮಾತನ್ನು ಹೇಳಬೇಕು, ತೆಗೆದುಕೊಳ್ಳುವವಳು ಕೇಳಿಸಿಕೊಂಡು ಒಪ್ಪಬೇಕು. ಹೇಳದೆ ಇಟ್ಟರೆ ಅದು ಬರೀ ಬಟ್ಟೆಯ ಗಂಟು, ಬರೀ ಮೇಕೆ. ಹೇಳಿದ ಮೇಲೆ ಅದರ ತೂಕವೇ ಬೇರೆ. ಮೆಕ್ಕಾಗೆ ಹೊರಟವಳು ತನ್ನ ಒಳ್ಳೆಯ ಬಟ್ಟೆಗಳನ್ನು ಅಮಾನ ಇಡುತ್ತಾಳೆ. ಹೆರಿಗೆಗೆಂದು ತವರಿಗೆ ಹೋಗುವವಳು ಕೋಳಿಗಳನ್ನು ಇಡುತ್ತಾಳೆ. ಸಾಯುವ ತಾಯಿ ಕೂಸನ್ನು ತಂಗಿಯ ಮಡಿಲಿಗೆ ಹಾಕಿ ಇದು ಅಮಾನ ಎನ್ನುತ್ತಾಳೆ. ಒಬ್ಬರ ಕಿವಿಯಲ್ಲಿ ಹೇಳಿದ ಗುಟ್ಟೂ ಅಮಾನವೇ. ಇದಕ್ಕೆ ಕಾಗದವಿಲ್ಲ, ಹೆಬ್ಬೆಟ್ಟಿಲ್ಲ. ಇದಕ್ಕೆ ಎರಡು ಬಗೆದವರನ್ನು ನಾವು ಕಳ್ಳರು ಎನ್ನುವುದಿಲ್ಲ, ಅಮಾನ ತಿಂದವರು ಎನ್ನುತ್ತೇವೆ. ಕಳ್ಳನಾದರೆ ಗೋಡೆ ಕೊರೆಯಬೇಕು, ಪಾಪ, ಅವನಿಗೂ ಕಷ್ಟವಿದೆ. ಅಮಾನ ತಿನ್ನುವವಳಿಗೆ ಬಾಗಿಲನ್ನು ನಾವೇ ತೆರೆದು ಕೊಟ್ಟಿರುತ್ತೇವೆ.

ತಬಾವಾ ಹುಟ್ಟಿದ್ದು ಜರಿಯಾ ಊರಿನ ಕೋಟೆಯೊಳಗೆ, ನೀಲಿ ಬಣ್ಣ ಅದ್ದುವವರ ಹೊಂಡಗಳ ಪಕ್ಕದ ಮನೆಯಲ್ಲಿ. ಅಪ್ಪನ ಕೈ ಮೊಣಕೈವರೆಗೆ ಯಾವಾಗಲೂ ನೀಲಿ. ಎದುರುಮನೆಯ ಹುಡುಗಿ ಅಸಾಬೆ. ನಮ್ಮಲ್ಲಿ ಹುಡುಗಿಯರು ಏಳೆಂಟು ವರ್ಷಕ್ಕೇ ಗೆಳತಿಯನ್ನು ಆರಿಸಿಕೊಳ್ಳುತ್ತಾರೆ. ಅದು ಆಟವಲ್ಲ, ಮದುವೆಯಷ್ಟೇ ಗಟ್ಟಿ. ಇಬ್ಬರೂ ಒಬ್ಬರಿಗೊಬ್ಬರು ಉಡುಗೊರೆ ಕೊಟ್ಟು, ಊರಿಗೆ ತಿಳಿಸಿ, ಸಾಯುವವರೆಗೆ ಗೆಳತಿಯರಾಗುತ್ತಾರೆ. ಇವರಿಬ್ಬರೂ ಹಾಗಾದರು. ತಬಾವಾಗೆ ಮಾತು ಕಡಿಮೆ. ಅಸಾಬೆ ಬಾಯಿ ತೆರೆದರೆ ಕೇರಿಯೇ ನಗುತ್ತಿತ್ತು. ಹದಿನಾಲ್ಕು ತುಂಬುವ ಹೊತ್ತಿಗೆ ಇಬ್ಬರಿಗೂ ಮದುವೆಯಾಯಿತು. ತಬಾವಾಳ ಗಂಡ ಟೋಪಿಗೆ ಕಸೂತಿ ಹಾಕುವವನು. ಅಸಾಬೆಯ ಗಂಡ ಧಾನ್ಯದ ವ್ಯಾಪಾರಿ. ನನ್ನ ಗಂಡ ಅವನ ತಮ್ಮ. ಹಾಗಾಗಿ ಅಸಾಬೆ ನನಗೆ ಹಿರಿಯ ಓರಗಿತ್ತಿ, ಒಂದೇ ಅಂಗಳ, ಕಣಜದ ಕೀಲಿ ಅವಳ ಸೊಂಟದಲ್ಲಿ.

ಮದುವೆಯಾದ ಮರುವರ್ಷ ತಬಾವಾ ರಕೀಯಾಳನ್ನು ಹೆತ್ತಳು. ಚೊಚ್ಚಿಲು. ನಮ್ಮಲ್ಲಿ ಮೊದಲ ಮಗುವಿನ ವಿಷಯದಲ್ಲಿ ತಾಯಿಗೆ ನಾಚಿಕೆ ಇರಬೇಕು. ಅದರ ಹೆಸರು ಕೂಗಬಾರದು, ನಾಲ್ಕು ಜನರೆದುರು ಎತ್ತಿ ಮುದ್ದಾಡಬಾರದು, ಅದು ನನ್ನದೇ ಅಲ್ಲವೇನೋ ಎಂಬಂತೆ ನಡೆದುಕೊಳ್ಳಬೇಕು. ಎರಡನೆಯದರಿಂದ ಈ ಕಟ್ಟು ಇಲ್ಲ, ಎಷ್ಟು ಬೇಕಾದರೂ ಮುದ್ದಿಸಿಕೊಳ್ಳಿ. ಹಾಲು ಬಿಡಿಸಿದ ಕೂಡಲೇ ರಕೀಯಾಳನ್ನು ತಬಾವಾಳ ಅಕ್ಕ ಗಾಂಬೊ ಸಾಕಲು ಒಯ್ದಳು. ಗಾಂಬೊ ವಿಧವೆ, ಸೊಪ್ಪು ಮಾರಿ ಜೀವನ ಮಾಡುವವಳು. ಅವತ್ತಿನಿಂದ ತಬಾವಾಳ ಬಾಯಲ್ಲಿ ರಕೀಯಾ ಎಂದರೆ 'ಗಾಂಬೊ ಮನೆ ಹುಡುಗಿ'. ಒಂದು ದಿನ ಆ ಹುಡುಗಿ ಮೊಣಕಾಲು ಒಡೆದುಕೊಂಡು, ಅಳುತ್ತಾ ಸೀದಾ ತಬಾವಾಳ ಒಲೆಯ ಹತ್ತಿರ ಬಂದು ನಿಂತಿತು. ನಾನು ಅಲ್ಲೇ ಇದ್ದೆ.

"ಯಾರದೇ ಇದು ಮಗು? ದೇಲು, ಎತ್ಕೊಳ್ಳೇ ಸ್ವಲ್ಪ" ಎಂದು ತಬಾವಾ ಮುಖ ಆಚೆ ತಿರುಗಿಸಿದಳು. ನಾನು ಎತ್ತಿಕೊಂಡೆ. ಬಾಣಲೆಯಲ್ಲಿದ್ದ ಕುಲಿಕುಲಿ ಕಪ್ಪಗೆ ಸೀದು ಹೋಯಿತು, ಅವಳು ನೋಡಲೇ ಇಲ್ಲ.

ಈಗ ಬೋಗುಣಿಗಳ ವಿಷಯ. ಮದುವೆಯಾಗಿ ಹೋಗುವ ಹುಡುಗಿಯ ಕೋಣೆಯಲ್ಲಿ ಒಂದು ಗೋಡೆಯ ಉದ್ದಕ್ಕೂ ಎನಾಮಲ್ ಬೋಗುಣಿಗಳನ್ನು ಜೋಡಿಸಬೇಕು. ದೊಡ್ಡದರ ಮೇಲೆ ಚಿಕ್ಕದು, ಹೂವಿನ ಚಿತ್ರದ್ದು, ಮೀನಿನದ್ದು, ಎಲ್ಲಕ್ಕೂ ಮುಚ್ಚಳ, ಸೂರು ಮುಟ್ಟುವ ತನಕ. ಗಂಡಿನ ಮನೆಯ ಹೆಂಗಸರು ಒಳಗೆ ಬಂದರೆ ಮೊದಲು ನೋಡುವುದು ಗೋಡೆಯನ್ನು, ಆಮೇಲೆ ಮದುಮಗಳನ್ನು. ಗೋಡೆ ಬೋಳಾಗಿದ್ದರೆ ಆ ಹುಡುಗಿ ಮುದುಕಿಯಾದರೂ 'ಬರಿಗೈಲಿ ಬಂದವಳು'. ಅದಕ್ಕೇ ಹೆಣ್ಣು ಹುಟ್ಟಿದ ದಿನದಿಂದ ತಾಯಿ ಒಂದೊಂದೇ ಕೂಡಿಡುತ್ತಾಳೆ. ಆದರೆ ಚೊಚ್ಚಿಲಿಗೆ ತಾಯಿ ಕೂಡಿಡುವ ಹಾಗಿಲ್ಲ. ಸಾಕಿದವಳು ಮಾಡಬೇಕು. ಸೊಪ್ಪು ಮಾರುವ ಗಾಂಬೊ ಏನು ತಾನೇ ಮಾಡಿಯಾಳು?

ರಕೀಯಾಗೆ ಮೂರು ವರ್ಷವಾದಾಗ ತಬಾವಾ ಮೊದಲ ಬೋಗುಣಿ ಕೊಂಡಳು. ತನ್ನ ಕೋಣೆಯಲ್ಲಿ ಇಡಲು ಅವಳಿಗೆ ಧೈರ್ಯವಾಗಲಿಲ್ಲ. ಸವತಿಯೊಬ್ಬಳಿದ್ದಳು, ಅವಳ ಕಣ್ಣು ಹದ್ದಿನ ಕಣ್ಣು. ಎರಡನೆಯ ಮಗು ಗಂಡು. ಹೆಣ್ಣುಮಗಳೇ ಇಲ್ಲದ ಕೋಣೆಯಲ್ಲಿ ಮದುವೆಯ ಬೋಗುಣಿ ಯಾಕೆ ಎಂದು ಅವಳು ಕೇಳದೆ ಬಿಡುತ್ತಿರಲಿಲ್ಲ. ತಬಾವಾ ಅದನ್ನು ಎತ್ತಿಕೊಂಡು ಅಸಾಬೆಯ ಹತ್ತಿರ ಬಂದಳು. ಆ ಮಾತುಕತೆಯನ್ನು ಎಷ್ಟೋ ವರ್ಷದ ಮೇಲೆ ತಬಾವಾಳೇ ನನಗೆ ಹೇಳಿದ್ದು.

"ಅಸಾಬೆ, ಇದನ್ನ ನನ್ನ ಹತ್ರ ಇಟ್ಕೊಳ್ಳೋಕಾಗಲ್ಲ ಕಣೇ."

"ಯಾಕಾಗಲ್ಲ? ನಿಮ್ಮನೆ ಇಲಿ ಎನಾಮಲ್ಲೂ ತಿನ್ನುತ್ತಾ?"

"ಸುಮ್ಮನಿರೇ."

"ಓಹೋ, ಗೊತ್ತಾಯ್ತು ಬಿಡು! ಗಾಂಬೊ ಮನೆ ಹುಡುಗಿಗೆ!"

ತಬಾವಾ ಮುಸುಕು ಎಳೆದುಕೊಂಡಳಂತೆ. ಅಸಾಬೆ ಅವಳ ತೋಳು ಹಿಡಿದು ನಕ್ಕಳಂತೆ. "ಹೆಸರು ಹೇಳ್ಬೇಡ ಮಹಾರಾಯ್ತಿ, ನಾನೂ ಕೇಳಲ್ಲ. ನನ್ನ ಕೋಣೇಲಿ ಇಡು. ನೋಡಿದವರು ನನ್ನದೇ ಅಂದ್ಕೊಳ್ಳಲಿ. ನಿನ್ನ ಮರ್ಯಾದೆ ಉಳೀತು, ನನ್ನ ಜಂಬನೂ ಆಯ್ತು."

"ಅಮಾನ ಕಣೇ ಇದು."

"ಅಮಾನ. ನನ್ನ ತಲೆ ಮೇಲಿದೆ, ಹೋಗು."

ಹನ್ನೆರಡು ವರ್ಷ ಹೀಗೆ ನಡೆಯಿತು. ಬೋಗುಣಿ ಮಾರುವ ಮುದುಕಿಯೊಬ್ಬಳು ತಲೆಯ ಮೇಲೆ ಗೋಪುರ ಹೊತ್ತು ಮನೆಮನೆಗೆ ಬರುತ್ತಿದ್ದಳು. ಕುಲಿಕುಲಿಯಲ್ಲಿ ಉಳಿಸಿದ್ದನ್ನು ಕೊಟ್ಟು ತಬಾವಾ ವರ್ಷಕ್ಕೆ ಎರಡೋ ಮೂರೋ ಕೊಳ್ಳುತ್ತಿದ್ದಳು. ಹಬ್ಬಕ್ಕೋ ನಾಮಕರಣಕ್ಕೋ ಅಸಾಬೆಯ ಮನೆಗೆ ಬರುವಾಗ ಹೊಸ ಬೋಗುಣಿಯಲ್ಲಿ ಮುದ್ದೆಯನ್ನೋ ಮಾಂಸವನ್ನೋ ತುಂಬಿ ತರುತ್ತಿದ್ದಳು. ಎಲ್ಲರ ಪಾತ್ರೆಯೂ ತೊಳೆಸಿಕೊಂಡು ವಾಪಸ್ ಹೋಗುತ್ತಿತ್ತು, ಇವಳದು ಅಲ್ಲೇ ಉಳಿಯುತ್ತಿತ್ತು. ಹೋಗುವ ಮುಂಚೆ ಅಸಾಬೆಯ ಕಿವಿಯಲ್ಲಿ ಆ ಒಂದು ಮಾತು. ಜಗತ್ತಿನಲ್ಲಿ ಬೇರೆ ಯಾರೂ ತಮ್ಮ ಸಾಮಾನನ್ನು ಇಷ್ಟು ಜೋಪಾನವಾಗಿ, ಸಾಕ್ಷಿಯೇ ಇಲ್ಲದಂತೆ, ಇನ್ನೊಬ್ಬರಿಗೆ ಒಪ್ಪಿಸಿರಲಾರರು. ನಾಚಿಕೆಯೇ ಅವಳ ಕಣ್ಣಿಗೆ ಬಟ್ಟೆ ಕಟ್ಟಿತ್ತು.

ಸಾಕ್ಷಿ ಇಲ್ಲ ಎಂದೆ. ಒಂದೇ ಒಂದಿತ್ತು. ಐದನೆಯ ಹೆರಿಗೆಯಾಗಿ ತಬಾವಾ ನಲವತ್ತು ದಿನದ ಬಿಸಿನೀರಿನ ಸ್ನಾನದಲ್ಲಿದ್ದಳು, ಹೊರಗೆ ಬರುವ ಹಾಗಿರಲಿಲ್ಲ. ನಾನು ಮಗು ನೋಡಲು ಹೋಗಿದ್ದೆ. ಅವಳು ಸವತಿ ಆಚೆ ಹೋಗುವವರೆಗೆ ಕಾದು, ಮಂಚದ ಕೆಳಗಿನಿಂದ ಒಂದು ಹಸಿರು ಬೋಗುಣಿ ಎಳೆದಳು. ಮುಚ್ಚಳದ ಮೇಲೆ ಎರಡು ಹುಂಜದ ಚಿತ್ರ. ಅದರಲ್ಲಿ ಜೋಳದ ಮುದ್ದೆ ತುಂಬಿ ನನ್ನ ತಲೆಯ ಮೇಲಿಟ್ಟಳು.

"ಅಸಾಬೆಗೆ ಕೊಡು. ಕೊಡುವಾಗ, ಇದು ಅಮಾನ ಅಂತ ಹೇಳು. ಮರೀಬೇಡ. ಇನ್ಯಾರಿಗೂ ಹೇಳ್ಬೇಡ."

"ಮುದ್ದೆ ಅಮಾನಾನಾ ಅಕ್ಕ? ತಿನ್ಬಾರದಾ ಹಾಗಾದ್ರೆ?" ಎಂದು ನಾನು ತಮಾಷೆ ಮಾಡಿದೆ.

ಅವಳು ನಗಲಿಲ್ಲ. ಅವತ್ತೇ ನನಗೆ ಎಲ್ಲ ಹೇಳಿದ್ದು. ದಾರಿಯಲ್ಲಿ ಎಡವಿ ಬೋಗುಣಿಯ ಅಂಚನ್ನು ಹೊಸ್ತಿಲಿಗೆ ಬಡಿದೆ, ಒಂದು ಉಗುರಿನಷ್ಟು ಎನಾಮಲ್ ಹಾರಿತು. ಅಸಾಬೆಯ ಕೈಗೆ ಕೊಟ್ಟು, "ಇದು ಅಮಾನವಂತೆ" ಎಂದೆ. ಅವಳು ನನ್ನನ್ನೇ ಒಂದು ಗಳಿಗೆ ನೋಡಿ, "ನನ್ನ ತಲೆ ಮೇಲಿದೆ ಅಂತ ಹೇಳಿಬಿಡು" ಎಂದಳು. ಆ ಮಾತು ನನ್ನ ಬಾಯಿಂದ ಹೋಯಿತು, ಅದರ ಒಪ್ಪಿಗೆ ನನ್ನ ಕಿವಿಗೆ ಬಂತು.

ಇನ್ನೊಂದನ್ನೂ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಯಾರಿಗೇನು ಲಾಭ. ನನ್ನ ಒಳ್ಳೆಯ ಬಟ್ಟೆಗಳು, ನಮ್ಮಮ್ಮನ ಹಿತ್ತಾಳೆ ಬಳೆಗಳು ನನ್ನ ಕೋಣೆಯಲ್ಲಿ ಇರಲಿಲ್ಲ. ತಬಾವಾಳ ಹತ್ತಿರ ಅಮಾನ ಇದ್ದವು. ಯಾಕೆಂದರೆ ಅಸಾಬೆಯ ಕೈ ನನಗೆ ಗೊತ್ತಿತ್ತು. 'ಒಂದು ದಿನಕ್ಕೆ ಕೊಡೇ' ಎಂದು ಒಯ್ದ ನನ್ನ ಎರಡು ಬಟ್ಟೆಗಳು ಅವಳ ಮೈಮೇಲೇ ಹರಿದವು. ಗೊತ್ತಿದ್ದೂ ನಾನು ತಬಾವಾಗೆ ಒಂದು ಮಾತು ಹೇಳಲಿಲ್ಲ. ಬಾಲ್ಯದ ಗೆಳತಿಯರ ಮಧ್ಯೆ ನಾನ್ಯಾಕೆ ಕಡ್ಡಿ ಆಡಿಸಲಿ ಎಂದುಕೊಂಡೆ. ನಿಜ ಹೇಳಬೇಕೆಂದರೆ, ನನಗೆ ಕಣಜದ ಕೀಲಿಯ ಭಯ.

ನೈರಾ ನೋಟು ಹೊಸದಾಗಿ ಬಂದ ಕಾಲ ಅದು. ಆ ವರ್ಷದ ಚಳಿಗಾಳಿಯ ತಿಂಗಳಲ್ಲಿ ಅಸಾಬೆಯ ಎರಡನೆಯ ಮಗಳು ಲಾಮಿಯ ಮದುವೆ. ಗಂಡಿನವರು ದೊಡ್ಡ ಜನ. ಅದಾಗಿ ಮೂರು ವಾರಕ್ಕೆ ರಕೀಯಾಳ ಮದುವೆಯೂ ನಿಶ್ಚಯವಾಗಿತ್ತು. ಲಾಮಿಯ ಕೋಣೆ ಜೋಡಿಸಲು ನಾವು ಹೆಂಗಸರೆಲ್ಲ ಹಾಡುತ್ತಾ ಗಂಡಿನ ಮನೆಗೆ ಹೋದೆವು, ಗಂಡನ ಅಪ್ಪಣೆ ಪಡೆದು ತಬಾವಾಳೂ ಬಂದಳು. ಪೆಟ್ಟಿಗೆ ಬಿಚ್ಚಿ ಒಬ್ಬೊಬ್ಬರು ಒಂದೊಂದು ಬೋಗುಣಿ ಕೈಗೆ ಕೊಡುತ್ತಾ ಗೋಡೆ ಏರಿಸಿದರು. ಹಳದಿ ಹೂವಿನದು, ನೀಲಿ ನವಿಲಿನದು, ಮೀನಿನದು. ಹೆಂಗಸರು ನಾಲಗೆ ಆಡಿಸಿ ಕೇಕೆ ಹಾಕಿದರು. ತಬಾವಾಳ ಕೇಕೆ ಅರ್ಧಕ್ಕೇ ನಿಂತಿತು. ಹನ್ನೆರಡು ವರ್ಷ ಒಂದೊಂದನ್ನೂ ಕೈಯಲ್ಲಿ ತಿರುಗಿಸಿ ನೋಡಿ ಕೊಂಡವಳು, ಅವಳಿಗೆ ಗುರುತು ಸಿಗದೆ ಇರುತ್ತದೆಯೇ? ಗಂಡಿನ ಅತ್ತೆಯೊಬ್ಬಳು, "ಇಂಥ ತಾಯಿ ಎಲ್ಲರಿಗೂ ಸಿಗ್ಬೇಕು!" ಎಂದು ಅಸಾಬೆಯ ಕೈ ಹಿಡಿದು ಕುಣಿದಳು. ಅಸಾಬೆ ತಬಾವಾಳ ಕಡೆ ಒಮ್ಮೆಯೂ ತಿರುಗಲಿಲ್ಲ.

ವಾಪಸ್ ಬರುವಾಗ ತಬಾವಾ ನನ್ನ ಪಕ್ಕಕ್ಕೆ ಬಂದಳು. "ನೋಡಿದ್ಯಾ ದೇಲು?"

"ನೋಡ್ದೆ ಅಕ್ಕ."

"ತೋರಿಸೋಕೆ ಇಟ್ಟಿರ್ತಾಳೆ ಕಣೇ. ದೊಡ್ಡ ಜನ, ಅವಳಿಗೂ ಮಾನ ಉಳೀಬೇಕಲ್ಲ. ಎಲ್ಲರೂ ಎರವಲು ತಂದು ಇಡ್ತಾರೆ. ವಾರ ಕಳೆದ ಮೇಲೆ ತೆಗೆದು ಕೊಡ್ತಾಳೆ. ನನ್ನನ್ನ ಒಂದು ಮಾತು ಕೇಳಿದ್ರೆ ನಾನೇನು ಬೇಡ ಅಂತಿದ್ನಾ?"

ಹೀಗೆ ಅವಳೇ ಅಸಾಬೆಯ ಪರವಾಗಿ ವಕೀಲಿ ಮಾಡಿದಳು. ಅಸಾಬೆಯೂ ಮೊದಲು ಹಾಗೆಯೇ ಅಂದುಕೊಂಡಿದ್ದಳೋ ಏನೋ, ದೇವರೇ ಬಲ್ಲ. ಹೊಗಳಿಕೆ ಕೇಳಿದ ಮೇಲೆ ಅವಳಿಗೆ ಆ ಗೋಡೆಯನ್ನು ಕೆಡವಲು ಮನಸ್ಸು ಬರಲಿಲ್ಲ.

ಎಂಟನೆಯ ದಿನ ತಬಾವಾ ನಮ್ಮ ಅಂಗಳಕ್ಕೆ ಬಂದಳು. ನಾನು ಒರಳಿನಲ್ಲಿ ಜೋಳ ಕುಟ್ಟುತ್ತಿದ್ದೆ. ಅಸಾಬೆ ಬಾಗಿಲಲ್ಲಿ ಕಾಲು ಚಾಚಿ ಕೂತು ಅಡಿಕೆಯಂತೆ ಕೋಲಾ ಕಾಯಿ ಜಗಿಯುತ್ತಿದ್ದಳು.

"ಬಾರೇ ಬಾರೇ. ಕುಲಿಕುಲಿ ತಂದ್ಯಾ, ಬರೀ ಕೈ ಬೀಸ್ಕೊಂಡು ಬಂದ್ಯಾ?"

"ಅಸಾಬೆ, ಇನ್ನು ಹದಿಮೂರು ದಿನಕ್ಕೆ ಅಲ್ಲಿ ಮದುವೆ ಇದೆಯಲ್ಲ."

"ಎಲ್ಲಿ?"

"ಗಾಂಬೊ ಮನೇಲಿ."

"ಹೌದಂತೆ. ಒಳ್ಳೇದಾಗಲಿ."

"ನನ್ನ ಅಮಾನ..."

"ನಿನ್ನ ಏನು?"

ತಬಾವಾ ತಿರುಗಿ ನನ್ನನ್ನು ನೋಡಿದಳು. ನಾನು ಒನಕೆ ನಿಲ್ಲಿಸಲಿಲ್ಲ.

"ಬೋಗುಣಿ ಕಣೇ. ಲಾಮಿ ಕೋಣೇಲಿ ಇದಾವಲ್ಲ."

"ಅಯ್ಯೋ, ಅದಾ!" ಅಸಾಬೆ ನಕ್ಕಳು. "ನೀನು ನನ್ನ ಮನೆಗೆ ಊಟ ಕಳಿಸ್ದೆ, ನಾನು ನಿನ್ನ ಮನೆಗೆ ಕಳಿಸ್ದೆ. ಗೆಳತಿಯರು ಅಂದ್ಮೇಲೆ ಪಾತ್ರೆ ಹೋಗ್ತವೆ, ಬರ್ತವೆ. ಇಪ್ಪತ್ತು ವರ್ಷ ಆದ್ಮೇಲೆ ಮೂಸಿ ನೋಡ್ತಾ ಕೂರ್ತೀಯಾ, ಇದು ನಿಂದು ಇದು ನಂದು ಅಂತ? ನನ್ನ ಮಗಳ ಗೋಡೆ ಕಿತ್ತು ತಂದು ಕೊಡ್ಲಾ? ಅವಳ ಅತ್ತೆಗೆ ಏನು ಹೇಳ್ಲಿ, ನೀನೇ ಹೇಳು."

"ಅದಕ್ಕೂ ಒಂದು ಗೋಡೆ ಬೇಕಲ್ಲೇ" ಎಂದಳು ತಬಾವಾ. ಮಗಳನ್ನು 'ಅದು' ಎಂದೇ ಹೇಳಿದಳು.

"ಯಾವುದಕ್ಕೆ?"

ತಬಾವಾ ಹೆಸರು ಹೇಳಲಾರದೆ ಮುಸುಕು ಎಳೆದುಕೊಂಡು ಹೊರಟಳು. ಅಸಾಬೆಗೆ ಬೇಕಾಗಿದ್ದದ್ದೂ ಅದೇ. ಅವಳು ಹೋದ ಮೇಲೆ ಅಸಾಬೆ ನನ್ನ ಕಡೆ ತಿರುಗಿ, "ಕೇಳಿಸ್ಕೊಂಡ್ಯಾ?" ಎಂದಳು.

"ಇಲ್ಲ ಅಕ್ಕ. ಒನಕೆ ಸದ್ದು."

"ಒಳ್ಳೇ ಹುಡುಗಿ. ಈ ಸಲ ನಿನ್ನ ಪಾಲಿನ ಜೋಳ ನಾನೇ ಕೈಯಾರೆ ಅಳೆದು ಇಟ್ಟಿದ್ದೀನಿ, ತುಂಬಿಸ್ಕೊಂಡು ಹೋಗು."

ಹೋಗಿ ತುಂಬಿಸಿಕೊಂಡೆ. ಎರಡು ಬೊಗಸೆ ಜಾಸ್ತಿಯೇ ಇತ್ತು.

ರಕೀಯಾಳ ಮದರಂಗಿಯ ದಿನ ಬಂತು. ಚೊಚ್ಚಿಲ ಮಗಳ ಮದುವೆಯಲ್ಲಿ ತಾಯಿ ಎದುರಿಗೆ ಇರಬಾರದು. ಯಾರದೋ ಮನೆಯ ಹಿಂಕೋಣೆಯಲ್ಲಿ ಅಡಗಿ ಕೂತು, ಆಚೆ ನಡೆಯುವುದು ತನಗೆ ಸಂಬಂಧವೇ ಇಲ್ಲ ಎಂಬಂತೆ ಇರಬೇಕು. ಗಾಂಬೊ ಮನೆಗೆ ಅಂಟಿದ ಕೋಣೆಯಲ್ಲಿ ತಬಾವಾ ಕೂತಿದ್ದಳು. ಜೊತೆಗೆ ನಾನು. ಗೋಡೆಯಾಚೆ ಹಾಡು, ನಗು. ಉಡುಗೊರೆ ಕೊಟ್ಟವರ ಹೆಸರನ್ನು ಕೂಗಿ ಹೊಗಳುವವಳು ಒಬ್ಬಳು ಗಂಟಲು ಹರಿಯುವ ಹಾಗೆ ಕಿರುಚುತ್ತಿದ್ದಳು.

"ಅವಳ ಗೋಡೆಗೆ ಏನಿದೆ ದೇಲು?" ಎಂದು ತಬಾವಾ ಕೇಳಿದಳು.

"ಗಾಂಬೊಕ್ಕ ಸೋರೆ ಬುರುಡೆ ತೊಳೆದು ಇಟ್ಟಿದಾರೆ. ಹತ್ತೋ ಹನ್ನೊಂದೋ. ಎರಡು ತಟ್ಟೆ."

ಅಷ್ಟರಲ್ಲಿ ಆಚೆಯಿಂದ ಕೂಗು ಬಂತು. "ಯಾರು ಕೊಟ್ಟಿದ್ದು? ಅಸಾಬೆ ಕೊಟ್ಟಿದ್ದು! ಲಾಮಿಯ ತಾಯಿ, ಕೊಡುಗೈ ದೊರೆ! ಮೂರು ಬೋಗುಣಿ, ಮುಚ್ಚಳದ ಸಮೇತ! ಒಂದರ ಮೇಲೆ ಎರಡು ಹುಂಜ, ಕೊಕ್ಕೊಕ್ಕೋ!" ಹೆಂಗಸರೆಲ್ಲ ಕೇಕೆ ಹಾಕಿದರು.

ತಬಾವಾ ಎದ್ದು ನಿಂತಳು. ನಾನು ಅವಳ ಬಟ್ಟೆ ಹಿಡಿದು ಜಗ್ಗಿದೆ, "ಬೇಡ ಅಕ್ಕ, ಹೋಗ್ಬಾರದು." ಅವಳು ಬಿಡಿಸಿಕೊಂಡು ಹೋದಳು. ನಾನೂ ಹಿಂದೆ ಓಡಿದೆ. ಅಂಗಳದ ತುಂಬ ಹೆಂಗಸರು. ಮಧ್ಯೆ ಮುಸುಕು ಹೊದ್ದು, ಕೈಕಾಲಿಗೆ ಮದರಂಗಿ ಮೆತ್ತಿ ಎಲೆ ಸುತ್ತಿಸಿಕೊಂಡು ಕೂತ ರಕೀಯಾ. ಚೊಚ್ಚಿಲ ತಾಯಿ ಹೊರಗೆ ಬಂದದ್ದು ಕಂಡು ಹತ್ತಿರದವರು ಸರಿದು ದಾರಿ ಬಿಟ್ಟರು. ತಬಾವಾ ಸೀದಾ ಹೋಗಿ ಹುಂಜದ ಬೋಗುಣಿಯನ್ನು ಎತ್ತಿಕೊಂಡಳು. ಅಂಚಿನಲ್ಲಿ ನಾನು ಹಾರಿಸಿದ ಚಕ್ಕೆ ಹಾಗೇ ಕಾಣುತ್ತಿತ್ತು. ಒಡೆದದ್ದೆಂದು ಅಸಾಬೆ ಅದನ್ನು ಲಾಮಿಯ ಗೋಡೆಗೆ ಹಾಕದೆ, ಇಲ್ಲಿಗೆ ಉಡುಗೊರೆ ಎಂದು ತಂದಿದ್ದಳು. ಬೇಲಿಯೇ ಎದ್ದು ಹೊಲ ಮೇಯ್ದದ್ದಲ್ಲದೆ, ಮೇಯ್ದದ್ದರಲ್ಲಿ ಒಂದು ಕಡ್ಡಿ ದಾನವನ್ನೂ ಕೊಟ್ಟಿತ್ತು.

"ಇದು ನನ್ನದು. ನೀನು ಲಾಮಿ ಕೋಣೇಲಿ ಜೋಡಿಸಿದ್ದೂ ನನ್ನದೇ. ಅಮಾನ ಇಟ್ಟಿದ್ದೆ. ನೀನು ತಿಂದೆ ಅಸಾಬೆ."

 ಅಸಾಬೆ ತುಪ್ಪದಂಥ ದನಿಯಲ್ಲಿ ಕೇಳಿದಳು. "ಅಮಾನ ಇಟ್ಟಿದ್ಯಾ? ಯಾರಿಗೋಸ್ಕರ ಇಟ್ಟಿದ್ದೆ ತಬಾವಾ? ಎಲ್ಲರೂ ಕೇಳ್ಲಿ, ಹೆಸರು ಹೇಳು."

ಅವಳು ಹೇಳಲಾರಳು ಎಂದು ಅಸಾಬೆಗೆ ಗೊತ್ತಿತ್ತು. ಇಪ್ಪತ್ತು ವರ್ಷದ ಗೆಳತಿಯಲ್ಲವೇ, ಎಲ್ಲಿ ಒತ್ತಿದರೆ ಉಸಿರು ನಿಲ್ಲುತ್ತದೆ ಎಂದು ಅವಳಿಗಲ್ಲದೆ ಯಾರಿಗೆ ಗೊತ್ತು. ತಬಾವಾಳ ತುಟಿಗಳು ಅಲುಗಿದವು. ಆಮೇಲೆ ಜನ್ಮದಲ್ಲಿ ಮೊದಲ ಸಲ ಹೇಳಿದಳು.

"ರಕೀಯಾಗೆ. ನನ್ನ ಮಗಳು ರಕೀಯಾಗೆ."

ಹೆಂಗಸರು ಬಾಯಿಗೆ ಬಟ್ಟೆ ಅಡ್ಡ ಹಿಡಿದರು. ಮುದುಕಿಯೊಬ್ಬಳು ತೌಬಾ ತೌಬಾ ಎಂದಳು. ಮುಸುಕಿನೊಳಗೆ ರಕೀಯಾ ಅಲುಗಾಡದೆ ಕೂತಿದ್ದಳು. ಹದಿನೈದು ವರ್ಷಕ್ಕೆ ತಾಯಿಯ ಬಾಯಲ್ಲಿ ತನ್ನ ಹೆಸರನ್ನು ಅವಳು ಕೇಳಿದ್ದು ಹೀಗೆ.

"ನೋಡಿದ್ರಾ, ಮದುವೆ ಮನೇಲಿ ಎಂಥ ಮಾತು!" ಎಂದಳು ಅಸಾಬೆ. "ಆಯ್ತಮ್ಮ, ಇಟ್ಟಿದ್ದೆ ಅಂತೀಯ. ನೋಡಿದವರು ಯಾರು?"

ಬೋಗುಣಿ ಮಾರುವ ಮುದುಕಿ ಸತ್ತು ಎರಡು ವರ್ಷವಾಗಿತ್ತು. ತಬಾವಾ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಸ್ವಲ್ಪವೂ ಅನುಮಾನವಿರಲಿಲ್ಲ. ಅದನ್ನು ನೆನೆದರೆ ಇವತ್ತಿಗೂ ನನಗೆ ಅನ್ನ ಇಳಿಯುವುದಿಲ್ಲ.

"ದೇಲು ತಂದು ಕೊಟ್ಟಿದ್ಲು, ಇದೇ ಬೋಗುಣಿ. ಹೇಳು ದೇಲು."

ಎಲ್ಲರ ಕಣ್ಣೂ ನನ್ನ ಮೇಲೆ. ಅಸಾಬೆ ಸೊಂಟದ ಕೀಲಿಯ ಗಂಟನ್ನು ಒಮ್ಮೆ ಸರಿಮಾಡಿಕೊಂಡಳು ಅಷ್ಟೇ.

"ನಾನು... ಮುದ್ದೆ ತಂದಿದ್ದೆ" ಎಂದೆ.

"ಅಮಾನ ಅಂತ ಹೇಳಿದ್ಯಾ ಇಲ್ವಾ?"

"ಮುದ್ದೆ ತಂದಿದ್ದೆ ಅಕ್ಕ. ಬೇರೆ ನನಗೆ ನೆನಪಿಲ್ಲ."

ಸುಳ್ಳಿನಲ್ಲಿ ಇದಕ್ಕಿಂತ ಹೊಲಸು ಸುಳ್ಳಿಲ್ಲ. ಮುದ್ದೆ ತಂದದ್ದು ನಿಜವಲ್ಲವೇ! ಅಸಾಬೆ ತಿಂದದ್ದು ಬೋಗುಣಿಗಳನ್ನು, ಅವಕ್ಕೆ ಒಂದು ಬೆಲೆಯಾದರೂ ಇದೆ. ನನ್ನ ಬಾಯಿಗೆ ಒಪ್ಪಿಸಿದ್ದ ಆ ಒಂದು ಮಾತನ್ನೇ ನಾನು ನುಂಗಿ ನೀರು ಕುಡಿದೆ. ತಬಾವಾ ನನ್ನನ್ನು ನೋಡುತ್ತಲೇ ಇದ್ದಳು. ಕೊನೆಗೆ ಗಾಂಬೊ ಬಂದು ಅವಳ ತೋಳು ಹಿಡಿದು, "ಒಳಗೆ ನಡಿ. ಹುಡುಗಿ ಮಾನ ತೆಗೀಬೇಡ" ಎಂದು ಗದರಿದಳು. ತಬಾವಾ ಬೋಗುಣಿಯನ್ನು ಕೆಳಗಿಟ್ಟು ಹೋದಳು. ಹೊಗಳುವವಳು ಮತ್ತೆ ಶುರು ಮಾಡಿದಳು.

ಮರುದಿನ ರಕೀಯಾ ಸೋರೆ ಬುರುಡೆಗಳ ಗೋಡೆಯ ಮುಂದೆ ಕೂತಳು. ಅವಳ ಅತ್ತೆ ಎಷ್ಟೋ ವರ್ಷ ಅವಳನ್ನು 'ಬುರುಡೆಯವಳು' ಎಂದೇ ಕರೆದಳು. ಕೇರಿಯಲ್ಲಿ ಬೋಗುಣಿಗಳ ಮಾತನ್ನು ಯಾರೂ ಎತ್ತಲಿಲ್ಲ. ಎಲ್ಲರ ಬಾಯಲ್ಲೂ ಒಂದೇ, ತಬಾವಾ ಚೊಚ್ಚಿಲ ಹೆಸರು ಹೇಳಿದಳಂತೆ, ಮದುವೆಯ ಅಂಗಳಕ್ಕೆ ನುಗ್ಗಿದಳಂತೆ. ಅವಳ ಕುಲಿಕುಲಿ ಕೊಳ್ಳುವವರು ಕೂಡ ಮುಖ ನೋಡದೆ ಕೊಂಡು ಹೋಗುತ್ತಿದ್ದರು. ನಾನು ದೇವರಲ್ಲಿ ಬೇಡಿಕೊಂಡೆ, ಅವಳು ಬಂದು ನನಗೆ ಬಾಯಿಗೆ ಬಂದ ಹಾಗೆ ಬೈಯಲಿ ಎಂದು. ಬೈದರೆ ಕಾಲು ಹಿಡಿಯಬಹುದಿತ್ತು.

ಐದನೆಯ ದಿನ ಮಧ್ಯಾಹ್ನ ಬಂದಳು. ತಲೆಯ ಮೇಲೆ ಒಂದು ಗಂಟು. ಅಸಾಬೆ ತನ್ನ ಬಾಗಿಲಲ್ಲೇ ಕೂತಿದ್ದಳು, ತಬಾವಾ ಅತ್ತ ತಿರುಗಲೂ ಇಲ್ಲ. ನನ್ನ ಮುಂದೆ ಗಂಟು ಇಳಿಸಿ ಬಿಚ್ಚಿದಳು. ನನ್ನ ಬಟ್ಟೆಗಳು, ಅಮ್ಮನ ಬಳೆಗಳು. ನುಸಿ ಬರದಿರಲೆಂದು ನಡುನಡುವೆ ಬೇವಿನ ಎಲೆ ಇಟ್ಟಿದ್ದಳು.

"ಎಣಿಸ್ಕೋ" ಎಂದಳು.

ನಮ್ಮಲ್ಲಿ ಅಮಾನ ವಾಪಸ್ ಬಂದಾಗ ಯಾರೂ ಎಣಿಸುವುದಿಲ್ಲ. ಎಣಿಸುವುದೂ ಒಂದೇ, ಎದುರಿಗಿರುವವಳನ್ನು ಕಳ್ಳಿ ಎನ್ನುವುದೂ ಒಂದೇ. ತಂದವಳೇ ಎಣಿಸು ಎಂದರೆ, ನಮ್ಮಿಬ್ಬರ ನಡುವೆ ಇನ್ನು ಆ ಮಾತು ಇಲ್ಲ ಎಂದು ಅರ್ಥ.

"ಬೇಡ ಅಕ್ಕ. ನಿನ್ನ ಕಾಲಿಗೆ ಬೀಳ್ತೀನಿ."

"ಎಣಿಸ್ಕೋ ದೇಲು. ನಾಳೆ ನೀನು ಇಲ್ಲ ಅಂದ್ರೆ ನನಗೆ ಸಾಕ್ಷಿ ಯಾರಿದಾರೆ? ಜೋರಾಗಿ ಎಣಿಸು."

ಎಣಿಸಿದೆ. ಏಳು ಬಟ್ಟೆ, ನಾಲ್ಕು ಬಳೆ, ಒಂದು ಮಣಿಸರ. ನಡುವೆ ಎಣಿಕೆ ತಪ್ಪಿತು, ಅವಳು ಮೊದಲಿನಿಂದ ಎಣಿಸು ಎಂದಳು. ಮತ್ತೆ ಎಣಿಸಿದೆ.

"ಸರಿ ಇದೆಯಾ?"

"ಸರಿ ಇದೆ ಅಕ್ಕ."

ಗಂಟು ಕಟ್ಟಿದ್ದ ತನ್ನ ಬಟ್ಟೆಯನ್ನು ಕೊಡವಿ, ಮಡಚಿಕೊಂಡು ಎದ್ದು ಹೋದಳು. ಆಮೇಲೆ ಮೂವತ್ತೊಂಬತ್ತು ವರ್ಷ ಬದುಕಿದ್ದಳು. ಎದುರಾದರೆ ಸಲಾಂ ಹೇಳುತ್ತಿದ್ದಳು, ಮಕ್ಕಳು ಚೆನ್ನಾಗಿದಾರಾ ಎಂದು ಕೇಳುತ್ತಿದ್ದಳು. ನನ್ನ ಕೈಗೆ ಒಂದು ಬೆಂಕಿಪೊಟ್ಟಣ ಕೊಟ್ಟು ಸ್ವಲ್ಪ ಹೊತ್ತು ಇಟ್ಕೊಂಡಿರು ಎಂದು ಒಂದು ಸಲವೂ ಹೇಳಲಿಲ್ಲ.